ಕೊಡೆಗೊಂದು ದೀರ್ಘ

ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗವನ್ನು ಖಾಲಿ ಮಾಡಿ, ನೆಲಮಹಡಿಯಲ್ಲಿದ್ದ ಬೋರ್ಡು ಬರೆಯುವವರಿಗೊಂದು ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ಹಿಂದೆ ಅವರ ಫೋಟೋ ಇದ್ದ ಫ್ಲೆಕ್ಸು. ಅಸೋಸಿಯೇಶನ್ನಿನ ಕಾರ್ಯದರ್ಶಿ ನನ್ನ ಕಡೆ ತಿರುಗಿ, ನಿಮಗೆ ಅವರ ಪರಿಚಯ ಹೆಚ್ಚು, ಎರಡು ಮಾತು ಹೇಳಿ ಎಂದರು. ನಾನು ಎದ್ದು ನಿಂತು, ಅವರು ಬಹಳ ಒಳ್ಳೆಯವರು ಎಂದೆ. ಎರಡನೆಯ ಮಾತು ಬರಲಿಲ್ಲ. ಕುಳಿತುಬಿಟ್ಟೆ.

ದುಃಖದಿಂದ ಹಾಗಾಯಿತು ಎಂದು ಎಲ್ಲರೂ ತಿಳಿದರು. ಅದೂ ಇತ್ತು, ಸುಳ್ಳಲ್ಲ. ಆದರೆ ನಿಜವಾಗಿ ನನ್ನ ಬಾಯಿ ಕಟ್ಟಿಸಿದ್ದು ಆ ಫ್ಲೆಕ್ಸು. ಅವರ ಹೆಸರಿನ ಮೊದಲ ಮೂರು ಅಕ್ಷರ ವಿಶಾಲವಾಗಿ ಕಾಲು ಚಾಚಿ ಕುಳಿತಿದ್ದವು, ಉಳಿದವು ಜಾಗ ಸಾಲದೆ ಒಂದರ ಮೇಲೊಂದು ಬಿದ್ದಿದ್ದವು. ಇದನ್ನು ನೋಡಿದ್ದರೆ ಅವರು ಏನು ಹೇಳುತ್ತಿದ್ದರು ಎಂದು ನನಗೆ ಗೊತ್ತು. "ಈ ಅಕ್ಷರಗಳಿಗೆ ಎಂತ ಅವಸರ, ಬಸ್ಸು ತಪ್ತದಾ?" ಹೀಗೆ ಅನ್ನಿಸಿದ ಮೇಲೆ ಮೈಕಿನ ಮುಂದೆ ಮತ್ತೇನು ಹೇಳುವುದು? ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಮಾತ್ರ ಬರೆಯುವುದಿಲ್ಲ. ಅವರೇ ಎಲ್ಲೂ ಬರೆಯಲಿಲ್ಲ. ಬೋರ್ಡು ಬರೆಯುವವರೆಲ್ಲ ಕೆಳಗಿನ ಮೂಲೆಯಲ್ಲಿ ತಮ್ಮ ಹೆಸರನ್ನು ಸಣ್ಣದಾಗಿ ಹಾಕುತ್ತಾರೆ. ಇವರ ಬೋರ್ಡಿನ ಮೂಲೆ ಖಾಲಿ ಇರುತ್ತಿತ್ತು. ಕೊಡಿಯಾಲ್‌ಬೈಲಿನ ನಮ್ಮ ಕಟ್ಟಡದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಬೋರ್ಡಿನವರು ಎಂದು.

ಅವರು ನನಗೆ ಪರಿಚಯವಾದದ್ದು ಕಳ್ಳರಾಗಿ. ನನ್ನ ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಲಿಫ್ಟಿನ ಬಾಗಿಲಿಗೆ ಅಂಟಿಸುವ ಚೀಟಿಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ನಾಳೆ ನೀರು ಬರುವುದಿಲ್ಲ, ಲಿಫ್ಟು ಹಾಳಾಗಿದೆ, ಹಸಿ ಕಸ ಬೇರೆ ಒಣ ಕಸ ಬೇರೆ. ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನಕ್ಕೆ ಮಾಯ. ಮೂರನೇ ಮಹಡಿಯ ಮಕ್ಕಳ ಮೇಲೆ ನನಗೆ ಸಂಶಯವಿತ್ತು. ಒಂದು ದಿನ ಬೆಲ್ಲು ಕೇಳಿ ಬಾಗಿಲು ತೆರೆದರೆ, ನೆಲಮಹಡಿಗೆ ಹೊಸದಾಗಿ ಬಂದಿದ್ದ ಈ ಮನುಷ್ಯ ನಿಂತಿದ್ದರು. ಅರವತ್ತು ದಾಟಿದ ವಯಸ್ಸು, ತೆಳ್ಳನೆಯ ದೇಹ, ಉಗುರುಗಳ ಅಂಚಿನಲ್ಲಿ ನೀಲಿ ಬಣ್ಣ, ಪ್ಯಾಂಟಿನ ಎಡ ಮಂಡಿಯ ಮೇಲೆ ಮಾತ್ರ ಬಣ್ಣ ಬಣ್ಣದ ಗೀರು. ಬ್ರಶ್ಶನ್ನು ಅವರು ಅಲ್ಲೇ ಒರೆಸುತ್ತಿದ್ದದ್ದು ಎಂದು ಆಮೇಲೆ ಗೊತ್ತಾಯಿತು. ಕೈಯಲ್ಲೊಂದು ಫೈಲು, ಅದರೊಳಗೆ ನನ್ನ ಚೀಟಿಗಳು, ಇಸ್ತ್ರಿ ಹಾಕಿದ ಹಾಗೆ.

"ಬಾಯಮ್ಮ, ಇದು ನಿಮ್ಮ ಕೈಯಾ?" ಎಂದು, ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಊರಿನವರು ಕರೆಯುವ ಹಾಗೆ ಕರೆದು ಕೇಳಿದರು.

ಹೌದು ಎಂದೆ. ಕನ್ನಡ ಅಕ್ಷರ ಸಾಮಾನ್ಯವಾಗಿ ನೆಟ್ಟಗೆ ಕೂರುತ್ತದೆ, ಇದು ಬಲಕ್ಕೆ ವಾಲಿದೆ, ಗಾಳಿಗೆ ಪೈರು ವಾಲಿದ ಹಾಗೆ, ಇದನ್ನು ಎಲ್ಲಿ ಕಲಿತದ್ದು ಎಂದು ವಿಚಾರಿಸಿದರು. ನಾನು ಕಾನ್ವೆಂಟಿನ ಕಥೆ ಹೇಳಿದೆ. ನಾಲ್ಕು ಗೆರೆಯ ಪುಸ್ತಕ, ಬೆರಳ ಗಂಟಿಗೆ ಬೀಳುತ್ತಿದ್ದ ಸಿಸ್ಟರ ಫುಟ್‌ರೂಲು, ಮೊದಲು ಇಂಗ್ಲಿಷಿನ ಕೂಡಿಸಿ ಬರೆಯುವ ಅಕ್ಷರ, ಅದೇ ಮಣಿಕಟ್ಟಿನಿಂದ ಆಮೇಲೆ ಕನ್ನಡ. ಮನೆಯಲ್ಲಿ ಕೊಂಕಣಿ, ಮೀನು ಮಾರ್ಕೆಟಿನಲ್ಲಿ ತುಳು. ಅವರು ಎಲ್ಲವನ್ನೂ ಗಂಭೀರವಾಗಿ ಕೇಳಿ, "ಈ ಕೈ ನನಗೆ ಬೇಕು" ಎಂದರು. ಒಳಗೆ ಸೋಫಾದಲ್ಲಿದ್ದ ನನ್ನವರು ಪೇಪರು ಕೆಳಗಿಳಿಸಿ ಒಮ್ಮೆ ನೋಡಿದರು.

ವಿಷಯ ಇಷ್ಟು. ವಾಮಂಜೂರಿನ ಆಚೆ, ಗದ್ದೆಗಳು ಮುಗಿದು ಹೊಸ ಮನೆಗಳು ಏಳುತ್ತಿರುವ ಕಡೆ, ಯಾರೋ ಒಂದು ದೊಡ್ಡ ಪಾರ್ಕು ಕಟ್ಟುತ್ತಿದ್ದರು. ಅದರೊಳಗೆ ಎಂಬತ್ತು ವರ್ಷ ಹಿಂದಿನ ಮಂಗಳೂರಿನ ಒಂದು ಪೇಟೆಬೀದಿ. ಟಿಕೆಟು ತೆಗೆದುಕೊಂಡು ಒಳಗೆ ಹೋದವರಿಗೆ ಆ ಕಾಲದಲ್ಲೇ ನಡೆಯುತ್ತಿದ್ದೇವೆ ಅನ್ನಿಸಬೇಕು. ಚಾದಂಗಡಿಯಲ್ಲಿ ನಿಜವಾದ ಚಾ, ಬೇಕರಿಯಲ್ಲಿ ನಿಜವಾದ ರೊಟ್ಟಿ, ಟೈಲರನ ಮೆಷೀನು ತಿರುಗುತ್ತಿರಬೇಕು. ಆ ಬೀದಿಯ ನಲವತ್ತು ಬೋರ್ಡುಗಳನ್ನು ಕೈಯಿಂದಲೇ ಮಾಡುವ ಕೆಲಸ ಇವರಿಗೆ ಬಂದಿತ್ತು. ಫ್ಲೆಕ್ಸು ಬಂದ ಮೇಲೆ ಬರೀ ನಂಬರ್ ಪ್ಲೇಟು ಬರೆದುಕೊಂಡಿದ್ದ ಮನುಷ್ಯನಿಗೆ ಇದು ಎಂತಹ ಕೆಲಸ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಪಾರ್ಕಿನ ಸುದ್ದಿ ಎತ್ತಿದರೆ ಅವರ ನಡಿಗೆ ಬೇರೆಯಾಗುತ್ತಿತ್ತು.

ಅಲ್ಲಿಯ ಡಿಸೈನ್ ನೋಡಿಕೊಳ್ಳುತ್ತಿದ್ದದ್ದು ಬೆಂಗಳೂರಿನ ಕಡೆಯ ಒಬ್ಬ ಹುಡುಗಿ. ಇವರು ಅವಳನ್ನು ಮೇಡಂ ಎನ್ನುತ್ತಿದ್ದರು, ಅವಳು ಇವರನ್ನು ಸರ್ ಎನ್ನುತ್ತಿದ್ದಳು. ಅವಳ ಬಾಯಲ್ಲಿ ಗಳಿಗೆಗೊಮ್ಮೆ ಇಮ್ಮರ್ಸಿವ್ ಎಂಬ ಮಾತು ಬರುತ್ತಿತ್ತಂತೆ. ಇವರು ಅರ್ಥ ಕೇಳಿಕೊಂಡು ಬಂದು ನನಗೆ ವರದಿ ಮಾಡಿದರು. "ಮುಳುಗಿಸುವುದು ಅಂತೆ ಬಾಯಮ್ಮ. ನಮಗೆ ಅದಕ್ಕೆ ಟಿಕೆಟ್ ಬೇಕಾ? ಜೂನ್ ಬಂದ್ರೆ ನಾವು ಮುಳುಗಿಯೇ ಇರ್ತೇವೆ."

ಇನ್ನು ನನ್ನ ಕೈಯ ವಿಷಯ. ಅವರ ಕೆಲಸದ ಕ್ರಮವೇ ವಿಚಿತ್ರ. ನಲವತ್ತು ಬೋರ್ಡಿನಲ್ಲಿ ಒಂದನ್ನೂ ತಮ್ಮ ಸ್ವಂತ ಅಕ್ಷರದಲ್ಲಿ ಬರೆಯಬಾರದು ಎಂದು ಮೊದಲೇ ನಿಶ್ಚಯಿಸಿದ್ದರು. ಹಿಂದಿನ ಕಾಲದಲ್ಲಿ ಪ್ರತಿ ಅಂಗಡಿಯ ಬೋರ್ಡನ್ನು ಬೇರೆ ಬೇರೆಯವರು ಬರೆದಿರುತ್ತಾರೆ, ಕೆಲವನ್ನು ಅಂಗಡಿಯವರೇ ಬರೆದುಕೊಂಡಿರುತ್ತಾರೆ. "ಒಂದೇ ಕೈಯಲ್ಲಿ ನಲವತ್ತು ಅಂಗಡಿ ಬರೆದ್ರೆ ಅದು ಪೇಟೆ ಅಲ್ಲ, ಎಕ್ಸಿಬಿಷನ್." ಆದ್ದರಿಂದ ಊರೆಲ್ಲ ತಿರುಗಿ ಕೈ ಹುಡುಕುತ್ತಿದ್ದರು. ಚಾದಂಗಡಿಯ "ಚಾ ಉಂಟು" ಎಂಬುದನ್ನು ನಮ್ಮ ವಾಚ್‌ಮನ್ ಬರೆದದ್ದು. ಔಷಧದ ಅಂಗಡಿಗೆ ಒಬ್ಬ ಮುದುಕ ಕಂಪೌಂಡರ ಕೈ ಸಿಕ್ಕಿತು. ಗ್ರಂಥಾಲಯದ ಬಾಗಿಲಿಗೆ "ಚಪ್ಪಲಿ ಹೊರಗೆ ಬಿಡಿ" ಎಂದು ಬರೆದುಕೊಟ್ಟದ್ದು ಬೋರ್ಡಿನವರ ಹೆಂಡತಿ. ಅವಳ ಅಕ್ಷರ ಕಂಡರೆ ಚಪ್ಪಲಿ ತನ್ನಷ್ಟಕ್ಕೇ ಕಳಚಿಕೊಳ್ಳುತ್ತದೆ ಎಂದು ಹೆಂಡತಿಯ ಎದುರೇ ಹೇಳುತ್ತಿದ್ದರು. ಆಕೆ ಚಾ ತಂದಿಡುತ್ತಿದ್ದರು, ಸಕ್ಕರೆ ಇಲ್ಲದ್ದು.

ಒಮ್ಮೆ ಕೊಟ್ಟ ಕೈಯನ್ನು ಅವರು ತಿದ್ದುತ್ತಿರಲಿಲ್ಲ. ನಾವು ಬರೆದ ಕಾಗದವನ್ನು ದೊಡ್ಡದು ಮಾಡಿಸಿ, ಅಕ್ಷರದ ಅಂಚಿಗುಂಟ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡಿ, ಹಲಗೆಯ ಮೇಲಿಟ್ಟು, ಇದ್ದಿಲಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟುವರು. ಕಾಗದ ಎತ್ತಿದರೆ ಹಲಗೆಯಲ್ಲಿ ಕಪ್ಪು ಚುಕ್ಕಿಗಳ ಸಾಲು. ಬಣ್ಣಕ್ಕೆ ಮೊದಲು, ಅದನ್ನು ಹಿಡಿದು ಉಳಿ ಅಕ್ಷರ ಕೊರೆಯುತ್ತ ಓಡುತ್ತಿತ್ತು. ಕೈ ನಡುಗಿದಲ್ಲಿ ನಡುಗಿದ ಹಾಗೆ, ಪೆನ್ನು ಎತ್ತಿದಲ್ಲಿ ಎತ್ತಿದ ಹಾಗೆ.

ಆಮೇಲೆ ಬೋರ್ಡಿಗೆ ವಯಸ್ಸು ಬರಿಸುವ ಕೆಲಸ, ಅದು ಟೆರೇಸಿನಲ್ಲಿ. ಬಟ್ಟೆ ಒಣಗಿಸಲು ಹೋದಾಗ ನಾನು ನಿಂತು ನೋಡುತ್ತಿದ್ದೆ. ಮೊದಲು ಅವರು ಕೇಳುತ್ತಿದ್ದದ್ದು ಈ ಅಂಗಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು. ನಮ್ಮ ಮಳೆ ಪಶ್ಚಿಮದಿಂದ, ಸಮುದ್ರದ ಕಡೆಯಿಂದ ಹೊಡೆಯುತ್ತದೆ. ಪಶ್ಚಿಮಕ್ಕೆ ಮುಖವಿದ್ದ ಬೋರ್ಡಿನ ಬಣ್ಣ ಕೆಳಗಿನಿಂದ ಏಳಬೇಕು, ಪೂರ್ವಕ್ಕಿದ್ದದ್ದು ಬಿಸಿಲಿಗೆ ಮಾಸಬೇಕು ಅಷ್ಟೆ. ಮೇಣದಬತ್ತಿ ಉಜ್ಜಿ ಅದರ ಮೇಲೆ ಬಣ್ಣ ಬಳಿದು ಕೆರೆಯುವರು. ಚಾದಂಗಡಿಯ ಬೋರ್ಡಿನ ಅಡಿಭಾಗಕ್ಕೆ ಮಾತ್ರ ಮಸಿ, ಯಾಕೆಂದರೆ ಕೆಳಗೆ ಒಲೆ ಇರುತ್ತದೆ. ರಾತ್ರಿ ಒಳಗಿಟ್ಟು ಬೆಳಿಗ್ಗೆ ತೂಗುಹಾಕುವ ಬೋರ್ಡಿನ ಎರಡು ಮೂಲೆಗಳನ್ನು ದಿನಾಲೂ ಕೈಯಲ್ಲಿ ಹಿಡಿದು ತಿಕ್ಕುತ್ತಿದ್ದರು, ಟಿವಿಯಲ್ಲಿ ನ್ಯೂಸು ನೋಡುವಾಗಲೂ. ಅವರ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಹೊಗಳಿಕೆ "ಮೋಸ ಇಲ್ಲ" ಎಂಬುದು. ಅದೂ ಬೇರೆಯವರಿಗೆ. ತಮ್ಮ ಕೆಲಸ ಮುಗಿದಾಗ ಬೋರ್ಡಿಗೆ ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತಿದ್ದರು.

ಮೇಡಮ್ಮಿನೊಡನೆ ಅವರ ವಾದ ನಡೆಯುತ್ತಲೇ ಇತ್ತು, ಆದರೆ ಜಗಳವಲ್ಲ. ಅಂಗಡಿಯ ಬಾಗಿಲಿಗೆ ಇವರು "ದೂಡಿ" ಎಂದು ಮಾಡಿದ್ದನ್ನು ಅವಳು ತಳ್ಳಿ ಎಂದಿರಬೇಕಲ್ಲವೇ ಸರ್ ಎಂದಳಂತೆ. ನಮ್ಮಲ್ಲಿ ತಳ್ಳಿ ಎಂದರೆ ಜಗಳ ಆಗುತ್ತದೆ, ದೂಡಿ ಎಂದರೆ ಬಾಗಿಲು ತೆರೆಯುತ್ತದೆ ಎಂದು ಇವರ ಉತ್ತರ. ಅವಳು ನಗುತ್ತ ಒಪ್ಪಿದಳು. ಆದರೆ ಒಂದು ಷರತ್ತನ್ನು ಅವಳು ಮೊದಲೇ ಹೇಳಿಟ್ಟಿದ್ದಳು, ಅದು ಅವಳದ್ದಲ್ಲ, ಅವಳ ಮೇಲಿನವರದ್ದು. ಪಾರ್ಕಿನ ಯಜಮಾನರಿಗೆ ಕೈಕೆಲಸದ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. ಕಂಪ್ಯೂಟರಿನಿಂದ ಕೊರೆಸಿದರೆ ಬೇಗ ಆಗುತ್ತದೆ, ತಪ್ಪೂ ಇರುವುದಿಲ್ಲ ಎಂಬುದು ಅವರ ವಾದ. ಮೇಡಂ ಹಠ ಹಿಡಿದು ಒಪ್ಪಿಸಿದ್ದಳು. ಕೊನೆಗೆ ಅವರು ಹೇಳಿದ್ದು, ಕಾಗುಣಿತದ ಒಂದು ತಪ್ಪು ಸಿಕ್ಕಿದರೂ ಎಲ್ಲ ಬೋರ್ಡು ಇಳಿಸಿ ಮಷೀನಿನದ್ದು ಹಾಕಿಸುತ್ತೇವೆ ಎಂದು. ಬೋರ್ಡಿನವರು ಇದನ್ನು ನನಗೆ ಹೇಳುವಾಗ ಎಡ ಮಂಡಿಯನ್ನು ಅಂಗೈಯಿಂದ ತಿಕ್ಕುತ್ತಿದ್ದರು. "ಐವತ್ತು ವರ್ಷದ ಕೆಲಸದಲ್ಲಿ ಇದೊಂದೇ ನಾನು ನೋಡ್ಲಿಕ್ಕೆ ಹೋಗ್ಬೇಕು ಅಂತ ಇರುವ ಬೀದಿ" ಎಂದರು.

ಹೀಗಿರುವಾಗ ಆ ತಪ್ಪನ್ನು ಮಾಡಿದವಳು ನಾನು.

ಬೇಕರಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟು ನನ್ನ ಸರದಿ ಮುಗಿದಿತ್ತು. ಆಮೇಲೆ ಅವರು ಬೀದಿಯ ನಕ್ಷೆ ನೋಡಿ, ಇದರಲ್ಲಿ ಕೊಡೆ ರಿಪೇರಿಯವನೇ ಇಲ್ಲವಲ್ಲ ಎಂದು ಮೇಡಮ್ಮಿಗೆ ಗಂಟುಬಿದ್ದರು. ನಾಲ್ಕು ತಿಂಗಳು ಮಳೆ ಹೊಡೆಯುವ ಊರಿನ ಪೇಟೆಯಲ್ಲಿ ಕೊಡೆ ರಿಪೇರಿಯವನಿಲ್ಲದಿದ್ದರೆ ಹೇಗೆ? ಕೊನೆಗೆ ಮಾಳಿಗೆಗೆ ಹೋಗುವ ಒಂದು ಮೆಟ್ಟಿಲಿನ ಅಡಿಯಲ್ಲಿ ಮೂರಡಿ ಜಾಗ ಸಿಕ್ಕಿತು. ಒಂದು ಸ್ಟೂಲು, ಒಂದು ಇಕ್ಕಳ, ಕಡ್ಡಿಗಳ ಡಬ್ಬಿ, ಮೇಲೊಂದು ಬೋರ್ಡು, ನಲವತ್ತೊಂದನೆಯದು. ಮನುಷ್ಯ ಇಲ್ಲ. ಅವನು ಎಲ್ಲೋ ಹೋಗಿದ್ದಾನೆ, ಈಗ ಬರುತ್ತಾನೆ ಎಂಬ ಲೆಕ್ಕ. ಅದಕ್ಕೆ ನನ್ನ ಕೈ ಬೇಕು ಎಂದು ಬಂದರು. ನಾನು ಆ ದಿನ ಅಡುಗೆಮನೆಯಲ್ಲಿ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದೆ. ಕೈ ತೊಳೆದು, ಅವರ ಯಾವುದೋ ತಮಾಷೆಗೆ ನಗುತ್ತ, ನಿಂತಲ್ಲೇ ಫ್ರಿಜ್ಜಿನ ಮೇಲೆ ಕಾಗದವಿಟ್ಟು ಬರೆದುಕೊಟ್ಟೆ. ಅವರು ಅದನ್ನು ಬಹಳ ಹೊತ್ತು ನೋಡಿದರು. "ಮೋಸ ಇಲ್ಲ" ಎಂದು ಮಡಚದೆ ಫೈಲಿಗೆ ಹಾಕಿದರು.

ನಮ್ಮ ಕೊಂಕಣಿಯವರಿಗೆ ಒ ಮತ್ತು ಓ ನಡುವಿನ ಗೋಡೆ ಸ್ವಲ್ಪ ಕುಳ್ಳು. ಶಾಲೆಯಲ್ಲಿ ನನ್ನ ಕನ್ನಡ ಪುಸ್ತಕದ ತುಂಬ ಕೆಂಪು ಗೀಟು, ದೀರ್ಘ ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಉಂಟು. ನಾನು ಬರೆದದ್ದು "ಕೋಡೆ ರಿಪೇರಿ" ಎಂದು. ಅಷ್ಟೇ ಆಗಿದ್ದರೆ ಬರೀ ಕಾಗುಣಿತದ ತಪ್ಪು. ಆದರೆ ತುಳುವಿನಲ್ಲಿ ಕೋಡೆ ಎಂದರೆ ನಿನ್ನೆ.

ಗೊತ್ತಾದದ್ದು ಪಾರ್ಕು ತೆರೆಯುವುದಕ್ಕೆ ಒಂದು ವಾರ ಮೊದಲು. ಕೈ ಕೊಟ್ಟವರನ್ನೂ ಅಲ್ಲಿ ಕೆಲಸ ಮಾಡಿದವರನ್ನೂ ಬೀದಿ ನೋಡಲು ಕರೆದಿದ್ದರು. ನಾನು ಇಸ್ತ್ರಿ ಸೀರೆ ಉಟ್ಟು ಹೋಗಿದ್ದೆ. ನೆಲಕ್ಕೆ ಕಲ್ಲು ಹಾಸಿದ ಹೆಂಗಸರು ನಾಲ್ಕೈದು ಮಂದಿ ಆ ಮೆಟ್ಟಿಲಿನ ಎದುರು ಬೆಂಚಿನಲ್ಲಿ ಕುಳಿತಿದ್ದರು. ಒಬ್ಬಳು ಬೋರ್ಡನ್ನು ದೊಡ್ಡದಾಗಿ ಓದಿ, ಇಲ್ಲಿ ನಿನ್ನೆಯನ್ನು ರಿಪೇರಿ ಮಾಡುತ್ತಾರಂತೆ ಎಂದಳು ತುಳುವಿನಲ್ಲಿ. ಇನ್ನೊಬ್ಬಳು, ಹಾಗಾದರೆ ನನ್ನ ಗಂಡನನ್ನು ಕರೆದುಕೊಂಡು ಬರುತ್ತೇನೆ, ಅವನು ನಿನ್ನೆ ಮಾತಾಡಿದ್ದನ್ನು ಸರಿ ಮಾಡಿಕೊಡಲಿ ಎಂದಳು. ಬೆಂಚಿಗೆ ಬೆಂಚೇ ನಗುತ್ತಿತ್ತು. ನಾನು ತಲೆಯೆತ್ತಿ ನೋಡಿದೆ. ಹಲಸಿನ ಹಲಗೆಯಲ್ಲಿ ನನ್ನ ವಾಲಿದ ಅಕ್ಷರ, ಮೊದಲಕ್ಷರದ ಕೊನೆಗೆ ದೀರ್ಘದ ಸುಳಿ. ಅದನ್ನು ನಾನು ಕಾನ್ವೆಂಟಿನ ಅಭ್ಯಾಸದಲ್ಲಿ ಬಾಲದ ಹಾಗೆ ಎಳೆದಿದ್ದೆ, ಅವರು ಅದನ್ನು ಅಷ್ಟೇ ಮನಸ್ಸಿಟ್ಟು ಕೊರೆದಿದ್ದರು. ಇಡೀ ಬೋರ್ಡಿನಲ್ಲಿ ಅತಿ ಚೆಂದದ್ದು ಆ ತಪ್ಪೇ.

ನಗುವಿಗೆ ಮೇಡಂ ಬಂದಳು, ಕಾರಣ ಕೇಳಿದಳು. ಯಾರೋ ಹೇಳಿದರು. ಅವಳ ಮುಖ ಸಣ್ಣದಾಯಿತು. ಇದನ್ನು ಮೇಲಿನವರಿಗೆ ಹೇಳದೆ ಇರಲು ತನಗೆ ಆಗುವುದಿಲ್ಲ ಎಂದಳು, ಪಾಪ. ಬೋರ್ಡಿನವರು ಗಡಿಬಿಡಿ ಮಾಡಲಿಲ್ಲ. ಈ ಊರಿನಲ್ಲಿ ಮನೆಗೊಂದು ಭಾಷೆ, ಅಂಗಡಿಗೊಂದು, ಶಾಲೆಗೊಂದು, ಇಲ್ಲಿಯ ಹಳೆ ಬೋರ್ಡುಗಳಲ್ಲಿ ಇಂಥ ತಪ್ಪು ಇದ್ದೇ ಇರುತ್ತಿತ್ತು, ಇದು ತಪ್ಪಲ್ಲ, ಬರೆದವರ ಕೈ ಎಂದು ನಿಧಾನವಾಗಿ ವಿವರಿಸಿದರು. ಅವಳು ಕೇಳಿಕೊಂಡಳು. ಹೇಳಿ ನೋಡುತ್ತೇನೆ ಸರ್, ಆದರೆ ನಂಬಿಕೆ ಇಟ್ಟುಕೊಳ್ಳಬೇಡಿ ಎಂದು ಹೊರಟಳು. ನಲವತ್ತೊಂದು ಬೋರ್ಡಿನ ಕೆಳಗೆ ನಾವು ಬಸ್ಸಿನವರೆಗೆ ನಡೆದೆವು. ನಾನು ಯಾವುದನ್ನೂ ತಲೆಯೆತ್ತಿ ನೋಡಲಿಲ್ಲ.

ಮನೆಗೆ ಬಂದವಳೇ ಕಾಗದ ತೆಗೆದುಕೊಂಡು ಕುಳಿತೆ. ಕೊಡೆ, ಕೊಡೆ, ಕೊಡೆ. ಎರಡು ಹಾಳೆ ತುಂಬಿಸಿ, ಅದರಲ್ಲಿ ಒಳ್ಳೆಯದನ್ನು ಕತ್ತರಿಸಿ ಕೆಳಗೆ ಕೊಂಡುಹೋಗಿ ಕೊಟ್ಟೆ. ಬೇಗ ಇನ್ನೊಂದು ಹಲಗೆ ಕೊರೆದುಬಿಡಿ, ಅವರು ನೋಡುವ ಮೊದಲೇ ಬದಲಿಸಿಬಿಡಿ ಎಂದೆ. ಅವರು ಅದನ್ನು ಬೆಳಕಿಗೆ ಹಿಡಿದರು.

"ಇದು ಪರೀಕ್ಷೆಗೆ ಬರೆದ ಹಾಗೆ ಉಂಟು ಬಾಯಮ್ಮ" ಎಂದು ಹಿಂದೆ ಕೊಟ್ಟರು.

ಎರಡು ದಿನ ಸುದ್ದಿ ಇರಲಿಲ್ಲ. ನಾನು ರೋಸರಿಯ ಪ್ರಾರ್ಥನೆಯಲ್ಲಿ ಈ ಬೋರ್ಡುಗಳನ್ನೂ ಸೇರಿಸಿದೆ, ತಮಾಷೆಗಲ್ಲ. ಮೂರನೆಯ ದಿನ ಮೇಡಮ್ಮಿನ ಫೋನು. ಯಜಮಾನರಿಗೆ ಅದು ವಿಪರೀತ ಇಷ್ಟವಾಗಿದೆ. ಎಂತಹ ಯೋಚನೆ, ನಿನ್ನೆಯನ್ನು ರಿಪೇರಿ ಮಾಡುವ ಬೀದಿ! ಇಡೀ ಬೀದಿಗೆ ಅದೇ ಹೆಸರು ಇಡೋಣ, ಮುಖ್ಯ ಬಾಗಿಲಿಗೆ ಇದೇ ಅಕ್ಷರದಲ್ಲಿ ಹತ್ತಡಿಯ ಬೋರ್ಡು ಮಾಡಿಸೋಣ, ಚಾದ ಕಪ್ಪಿನ ಮೇಲೆ, ಚೀಲದ ಮೇಲೆ, ಎಲ್ಲ ಕಡೆ ಹಾಕೋಣ ಎಂದರಂತೆ. ಉಳಿದ ಬೋರ್ಡುಗಳ ಮಾತೇ ಇಲ್ಲ, ಎಲ್ಲ ಪಾಸು. ನನಗೆ ಎಷ್ಟು ಹಗುರವಾಯಿತು ಎಂದರೆ, ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಜಂಬವೂ ಬಂತು. ನನ್ನವರು, ಐವತ್ತು ವರ್ಷ ನೀನು ದೀರ್ಘ ತಪ್ಪಿಸಿದ್ದು ದಂಡವಾಗಲಿಲ್ಲ ನೋಡು ಎಂದರು. ಚೀಲ ಬಂದರೆ ಅಕ್ಕನಿಗೊಂದು, ತಂಗಿಗೊಂದು ಕೊಡಬೇಕು ಎಂದು ಕೂಡ ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಬೋರ್ಡಿನವರು ಮಾತ್ರ ಅಭಿನಂದನೆ ಹೇಳಲು ಹೋದ ನನಗೆ ಬೆನ್ನು ಹಾಕಿ ಉಳಿ ಮಸೆಯುತ್ತಿದ್ದರು. ಮರುದಿನ ಬೆಳಿಗ್ಗೆ ವಾಮಂಜೂರಿಗೆ ಒಮ್ಮೆ ಬರಬಹುದಾ, ನಿಮ್ಮ ಕೈಯ ವಿಷಯ, ನೀವು ಇಲ್ಲದೆ ಮುಟ್ಟಬಾರದು ಎಂದರು.

ಅಲ್ಲಿ ತಲುಪಿದಾಗ ಬೀದಿ ಖಾಲಿ, ಚಾದಂಗಡಿಯವನು ಒಲೆಯ ಬೂದಿ ತೆಗೆಯುತ್ತಿದ್ದ. ಅವರು ಕೊಡೆಯ ಬೋರ್ಡು ಇಳಿಸಿ ಬೆಂಚಿನ ಮೇಲಿಟ್ಟು, ಚೀಲದಿಂದ ಉಳಿ ತೆಗೆದರು. ಆಗ ನನಗೆ ಅರ್ಥವಾಯಿತು. ಬೇಡ ಎಂದೆ. ಎಲ್ಲ ಸರಿಯಾಗಿದೆ, ಅವರು ಖುಷಿಯಲ್ಲಿದ್ದಾರೆ, ಈಗ ಇದನ್ನು ಮುಟ್ಟಿದರೆ ಸಿಟ್ಟಿಗೆ ಎಲ್ಲವನ್ನೂ ಇಳಿಸಿಬಿಟ್ಟಾರು, ನಿಮ್ಮ ಬೀದಿಯೇ ಹೋದೀತು ಎಂದು ಬಗೆಬಗೆಯಾಗಿ ಹೇಳಿದೆ.

"ಇಳಿಸಿದ್ರೆ ಇಳಿಸ್ಲಿ" ಎಂದರು ಅವರು. ಆದರೆ ಹಾಗೆ ಹೇಳುವಾಗ ಕಣ್ಣು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ಬೋರ್ಡನ್ನು ನೋಡುತ್ತ ಬಂತು. "ತಪ್ಪು ಇದ್ದಾಗ ಅದು ಒಬ್ಬರ ಕೈ ಆಗಿತ್ತು. ಈಗ ಅದು ಹುಷಾರಿ ಆಯ್ತು, ಬೇಕಂತ ಮಾಡಿದ ಜಾಣತನ. ಕೊಡೆ ರಿಪೇರಿಯವನಿಗೆ ಅಷ್ಟು ಹುಷಾರಿ ಇದ್ರೆ ಅವನು ಮೆಟ್ಲಿನ ಅಡಿಯಲ್ಲಿ ಕೂರ್ತಿದ್ನಾ?"

ನಾನು ಬೋರ್ಡಿನ ಒಂದು ತುದಿಯನ್ನು ಅಲುಗದ ಹಾಗೆ ಹಿಡಿದುಕೊಂಡೆ. ಅವರು ದೀರ್ಘದ ಸುಳಿಯ ಸುತ್ತ ಚೌಕವಾಗಿ ಗೆರೆ ಎಳೆದು, ಅಷ್ಟನ್ನು ಕೊರೆದು ತೆಗೆದು, ಅಳತೆಗೆ ಸರಿಯಾಗಿ ಕೊಯ್ದು ತಂದಿದ್ದ ಹಲಸಿನ ತುಂಡನ್ನು ಅಂಟು ಹಾಕಿ ಕೂರಿಸಿದರು. ಮರದ ಸುತ್ತಿಗೆಯಿಂದ ನಾಲ್ಕು ಏಟು. ಬಣ್ಣವನ್ನು ಹೊಂದಿಸುವುದು ಅವರಿಗೆ ನೀರು ಕುಡಿದ ಹಾಗೆ, ಆದರೂ ಹೊಂದಿಸಲಿಲ್ಲ. ತೇಪೆ ತೇಪೆಯಾಗಿಯೇ ಕಾಣುತ್ತಿತ್ತು. ಆ ಚೆಂದದ ಬಾಲ ಹೋದದ್ದು ನನಗೆ ಮಗುವಿನ ಕೂದಲು ತೆಗೆಸಿದ ಹಾಗಾಯಿತು.

ಬೋರ್ಡು ತೂಗುಹಾಕುವ ಹೊತ್ತಿಗೆ ಮೇಡಂ ಬಂದಳು. ನೋಡಿದಳು. ಆಮೇಲೆ, ಸರ್, ಗೇಟಿನ ಬೋರ್ಡಿಗೆ ಆಗಲೇ ಒಪ್ಪಿಗೆ ಆಗಿತ್ತು, ನಾನು ಅವರಿಗೆ ಏನು ಹೇಳಲಿ ಎಂದಳು. ನನಗೆ ಇಬ್ಬರ ಮೇಲೂ ಕನಿಕರ.

"ಬರೆದವರಿಗೆ ಗೊತ್ತಾಯ್ತು, ಸರಿ ಮಾಡಿಸಿದ್ರು ಅಂತ ಹೇಳಿ ಮೇಡಂ. ಪೇಟೆಯಲ್ಲಿ ಹಾಗೆಯೇ ಆಗುವುದು."

ಅವಳು ಮೆಟ್ಟಿಲ ಹತ್ತಿರ ಹೋಗಿ ಆ ತೇಪೆಯನ್ನು ಬೆರಳಿನಿಂದ ಸವರಿದಳು. ತಿರುಗಿ ಬಂದು, ಇದನ್ನು ಯಾರೂ ಮುಟ್ಟದ ಹಾಗೆ ನಾನು ನೋಡಿಕೊಳ್ಳುತ್ತೇನೆ, ಗೇಟಿಗೆ ಅವರು ಬೇರೆ ಏನಾದರೂ ಯೋಚಿಸಲಿ ಎಂದಳು. ಯಜಮಾನರ ಹತ್ತಿರ ಅವಳು ಏನು ಹೇಳಿದಳೋ, ಎಷ್ಟು ಬೈಗುಳ ತಿಂದಳೋ ನಮಗೆ ತಿಳಿಯಲಿಲ್ಲ. ಪಾರ್ಕು ತೆರೆದ ದಿನ ನಲವತ್ತೊಂದು ಬೋರ್ಡೂ ತಮ್ಮ ತಮ್ಮ ಜಾಗದಲ್ಲಿದ್ದವು. ಮುಖ್ಯ ಬಾಗಿಲಿಗೆ ಮಾತ್ರ ಪಳಪಳ ಹೊಳೆಯುವ ಮಷೀನಿನ ಬೋರ್ಡು ಬಂದಿತ್ತು. ಅದನ್ನು ದಾಟುವಾಗ ಅವರು ನೆಲ ನೋಡಿಕೊಂಡು ದಾಟುತ್ತಿದ್ದರು.

ತೇಪೆ ಹಾಕಿದ ದಿನ ಬಸ್ಸಿನಲ್ಲಿ ಹಿಂದೆ ಬರುವಾಗ ಒಂದು ಮಾತು ಕೇಳಲೇಬೇಕಿತ್ತು. ನೀವು ಹುಟ್ಟಿದ್ದೇ ತುಳುವಿನಲ್ಲಿ, ಕೋಡೆ ಎಂದು ಬರೆದದ್ದು ಹದಿನೈದು ದಿನ ಕೊರೆಯುವಾಗಲೂ ನಿಮಗೆ ಕಾಣಲಿಲ್ಲವಾ ಎಂದೆ.

"ಫ್ರಿಜ್ಜಿನ ಮೇಲಿಂದ ತೆಗೆಯುವಾಗಲೇ ಕಂಡಿದೆ."

ಹಾಗಾದರೆ ಅಷ್ಟು ದೊಡ್ಡ ಷರತ್ತು ತಲೆಯ ಮೇಲಿರುವಾಗ ಒಂದು ಮಾತು ಹೇಳಬಾರದಿತ್ತೇ ಎಂದೆ. ನನಗೆ ಸಿಟ್ಟೇ ಬಂದಿತ್ತು.

ಅವರು ಎಡ ಮಂಡಿಯ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆದರು. "ನೀವು ಅದೊಂದು ನಗ್ತಾ ಬರೆದದ್ದು ಬಾಯಮ್ಮ. ಲಿಫ್ಟಿನ ಚೀಟಿಯಲ್ಲೆಲ್ಲ ಹಿಂದೆ ಯಾರೋ ಫುಟ್‌ರೂಲು ಹಿಡಿದು ನಿಂತ ಹಾಗೆ ಇತ್ತು. ಇದರಲ್ಲಿ ಅವರು ಇರ್ಲಿಲ್ಲ. ಹೇಳಿದ್ರೆ ಪುನಃ ಬರ್ತಿದ್ರು."

ನಾನು ಕಿಟಕಿಯ ಕಡೆ ತಿರುಗಿದೆ. ಆ ಸಿಸ್ಟರು ತೀರಿಕೊಂಡು ಮೂವತ್ತು ವರ್ಷವಾಗಿರಬಹುದು.

ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾದ ಬೋರ್ಡಿನವರು ಏಳಲಿಲ್ಲ. ಕಷ್ಟಪಡಲಿಲ್ಲ ಎಂದು ಅವರ ಹೆಂಡತಿ ಹೇಳಿದರು. ಬಣ್ಣದ ಉಗುರುಗಳನ್ನು ಯಾರೋ ಸೀಮೆಎಣ್ಣೆ ಹಾಕಿ ಶುಭ್ರ ಮಾಡಿದ್ದರು. ಅದು ನನಗೆ ಸರಿ ಕಾಣಲಿಲ್ಲ, ಆದರೆ ಅದನ್ನು ಯಾರಲ್ಲಿ ಹೇಳುವುದು?

ಮೊನ್ನೆ ಶನಿವಾರ ನಾನೊಬ್ಬಳೇ ವಾಮಂಜೂರಿಗೆ ಹೋದೆ. ಮಳೆ ಶುರುವಾಗಿದೆ. ಹುಸಿ ಪೇಟೆಯ ಮೇಲೆ ನಿಜವಾದ ಮಳೆ ಬೀಳುತ್ತಿತ್ತು, ಜನ ಹೆಚ್ಚು ಇರಲಿಲ್ಲ. ಚಾದಂಗಡಿಯಲ್ಲಿ ಚಾ ಕುಡಿದು ಮೆಟ್ಟಿಲಿನ ಎದುರಿನ ಬೆಂಚಿನಲ್ಲಿ ಕುಳಿತೆ. ಎರಡು ಮಳೆಗಾಲ ಕಂಡ ತೇಪೆ ಈಗ ಹಲಗೆಯದೇ ಬಣ್ಣ ತಿರುಗಿದೆ. ಹುಡುಕಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಮೊಮ್ಮಕ್ಕಳೊಂದಿಗೆ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ಆ ಮೆಟ್ಟಿಲಿನ ಹತ್ತಿರ ನಿಂತರು. ಬೋರ್ಡು ಓದಿದರು. ಕೈಯಲ್ಲಿದ್ದ ಕೊಡೆಯ ಒಂದು ಕಡ್ಡಿ ಮುರಿದು, ಬಟ್ಟೆ ಒಂದು ಕಡೆ ಜೋತುಬಿದ್ದಿತ್ತು. ಅದನ್ನು ಮಡಚಿ, ಸ್ಟೂಲನ್ನು ನೋಡಿ, ಕಡ್ಡಿಗಳ ಡಬ್ಬಿಯನ್ನು ನೋಡಿ, ಕೊನೆಗೆ ನನ್ನ ಕಡೆ ತಿರುಗಿ ಕೇಳಿದರು.

"ಆರ್ ಓಡೆ ಪೋತೆರ್?"

ಅವರು ಎಲ್ಲಿಗೆ ಹೋಗಿದ್ದಾರೆ ಎಂದು.

ಇದು ಸುಮ್ಮನೆ ನೋಡಲಿಕ್ಕೆ ಇಟ್ಟದ್ದು, ಇಲ್ಲಿ ಯಾರೂ ಇಲ್ಲ ಎಂದು ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ.

"ಇತ್ತೆ ಪೋಯೆರ್" ಎಂದೆ ನನ್ನ ಮೀನು ಮಾರ್ಕೆಟಿನ ತುಳುವಿನಲ್ಲಿ. ಈಗಷ್ಟೇ ಹೋದರು.

ಅವರು ತಲೆಯಾಡಿಸಿ, ಒದ್ದೆ ಕೊಡೆಯನ್ನು ಮಂಡಿಯ ಮೇಲಿಟ್ಟುಕೊಂಡು, ಕಾಯಲು ನನ್ನ ಪಕ್ಕದಲ್ಲಿ ಕುಳಿತರು. ನಾನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟೆ.